ಅಮ್ಮನ ಅಡಿಕೆ ಡಬ್ಬಿಯ ಮಾತ್ರೆಗಳು

ಅಮ್ಮನ ಹತ್ತಿರ ಒಂದು ಹಿತ್ತಾಳೆಯ ಅಡಿಕೆ ಡಬ್ಬಿ ಇದೆ. ಅಜ್ಜಿಯದ್ದು. ಒಳಗೆ ನಾಲ್ಕು ಮನೆ. ಅಜ್ಜಿಯ ಕಾಲದಲ್ಲಿ ಅಡಿಕೆ, ಸುಣ್ಣ, ಲವಂಗ, ಹೊಗೆಸೊಪ್ಪು ಇರುತ್ತಿದ್ದ ಜಾಗ. 2019ರಲ್ಲಿ ಒಂದು ರಾತ್ರಿ ಆ ಡಬ್ಬಿಯನ್ನು ಮಂಚದ ಮೇಲೆ ಬೋರಲು ಹಾಕಿದೆ. ಬಿದ್ದಿದ್ದೆಲ್ಲ ಮಾತ್ರೆ.

ಅಮ್ಮ ಆಗ ತುಮಕೂರಿನ ಒಂದು ಆಸ್ಪತ್ರೆಯಲ್ಲಿದ್ದಳು. ಹಿಮೋಗ್ಲೋಬಿನ್ 6ಕ್ಕೆ ಇಳಿದಿತ್ತು. ರಕ್ತ ಏರಿಸುತ್ತಿದ್ದರು. “ಇವರು ಯಾವ ಯಾವ ಮಾತ್ರೆ ತಗೋತಾರೆ?” ಅಂತ ಡಾಕ್ಟರು ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಅದಕ್ಕೇ ರಾತ್ರೋರಾತ್ರಿ ತಿಪಟೂರಿನ ಮನೆಗೆ ಬಂದು ಡಬ್ಬಿ ಹುಡುಕಿದ್ದು.

ಅದರಲ್ಲಿ ಅರ್ಧಕ್ಕರ್ಧ ಮಾತ್ರೆಗೆ ಹೆಸರೇ ಇರಲಿಲ್ಲ. ನಮ್ಮ ಕಡೆ ಹತ್ತು ಮಾತ್ರೆಯ ಸ್ಟ್ರಿಪ್ಪನ್ನು ಇಡಿಯಾಗಿ ಕೊಳ್ಳುವವರು ಕಡಿಮೆ. ನಾಲ್ಕು ಕೊಡಿ, ಆರು ಕೊಡಿ ಅಂತಾರೆ. ಮೆಡಿಕಲ್ ಶಾಪಿನವರು ಕತ್ತರಿ ಹಾಕಿ ಕೊಡುತ್ತಾರೆ. ಹೆಸರು ಒಂದು ತುಂಡಿಗೆ, ತಾರೀಕು ಇನ್ನೊಂದು ತುಂಡಿಗೆ ಹೋಗುತ್ತೆ. ಒಂದು ಚೂರಿನ ಮೇಲೆ ‘ಫೆನಾಕ್’ ಅಂತ ಮಾತ್ರ ಉಳಿದಿತ್ತು. ಇನ್ನೊಂದರ ಮೇಲೆ ‘ಸೋಡಿಯಂ 50’. ಬಣ್ಣ, ಆಕಾರ ನೋಡಿ ಜೋಡಿಸುತ್ತಾ ಕೂತೆ. ಬೆಳಗಾಗುವ ಹೊತ್ತಿಗೆ ಲೆಕ್ಕ ಸಿಕ್ಕಿತು. ಡೈಕ್ಲೋಫೆನಾಕ್. ಅಸೆಕ್ಲೋಫೆನಾಕ್ ಜೊತೆ ಪ್ಯಾರಾಸಿಟಮಾಲ್ ಸೇರಿದ್ದು. ಎಟೋರಿಕಾಕ್ಸಿಬ್. ಮೂರೂ ಒಂದೇ ಜಾತಿಯ ನೋವಿನ ಮಾತ್ರೆ. ಒಂದು ದೊಡ್ಡ ಡಾಕ್ಟರು ಬರೆದಿದ್ದು, ಒಂದು ಬಸ್ ಸ್ಟ್ಯಾಂಡ್ ಹತ್ತಿರದ ಕ್ಲಿನಿಕ್ಕಿನದು, ಒಂದು ಪಕ್ಕದ ಮನೆಯವರು ‘ನನಗೆ ಚೆನ್ನಾಗಿ ಹಿಡೀತು, ನೀವೂ ನೋಡಿ’ ಅಂತ ಕೊಟ್ಟಿದ್ದು.

ಆಮೇಲೆ ಅಮ್ಮನನ್ನು ಕೇಳಿದೆ, ಯಾಕೆ ಮೂರನ್ನೂ ತಗೋತಿದ್ದೆ ಅಂತ. “ಒಂದು ಕೈಗೆ, ಒಂದು ಮಂಡಿಗೆ. ಆ ಹಸಿರುದು ಮೈಯೆಲ್ಲಾ ಹಿಡಿದಾಗ” ಅಂದಳು. ಅವಳ ಲೆಕ್ಕದಲ್ಲಿ ಅದು ಪೂರ್ತಿ ಸರಿ. ಮೂರು ಕಡೆ ನೋವು, ಮೂರು ಮಾತ್ರೆ. ನುಂಗಿದ್ದು ಮೈಯೆಲ್ಲಾ ಓಡಾಡುತ್ತೆ, ಕೈಗೂ ಮಂಡಿಗೂ ಅದೇ ಹೋಗುತ್ತೆ ಅಂತ ಅವಳಿಗೆ ಯಾರೂ ಕೂತು ಹೇಳಿರಲಿಲ್ಲ.

ಅಮ್ಮನ ಈ ಕೀಲುನೋವಿನ ಕಾಯಿಲೆ ಶುರುವಾಗಿದ್ದು 2016ರಲ್ಲಿ. ಗೊತ್ತಾಗಿದ್ದು ರಂಗೋಲಿಯಿಂದ. ಅಮ್ಮ ಬೆಳಗ್ಗೆ ಆರಕ್ಕೆಲ್ಲಾ ಬಾಗಿಲಿಗೆ ನೀರು ಹಾಕಿ ಚುಕ್ಕಿ ಇಡುವವಳು. ಹೆಬ್ಬೆರಳು, ತೋರುಬೆರಳಿನ ಮಧ್ಯೆ ಪುಡಿ ಹಿಡಿದು ಎಳೆ ಬಿಡುವುದು ನೋಡಲು ಸಲೀಸು. ಆದರೆ ಬೆರಳಿನ ಸಣ್ಣ ಕೀಲುಗಳೆಲ್ಲ ಮಾತು ಕೇಳಬೇಕು. ಅವಳ ರಂಗೋಲಿ ಮೊದಲು ಏಳಕ್ಕೆ ಹೋಯಿತು. ಆಮೇಲೆ ಎಂಟಕ್ಕೆ. ಕೊನೆಗೆ ಒಂಬತ್ತು ಗಂಟೆಗೆ, ಬಿಸಿನೀರಲ್ಲಿ ಕೈ ಅದ್ದಿಕೊಂಡು ಬಂದು, ಬರೀ ಎರಡು ಅಡ್ಡಗೆರೆ ಎಳೆದು ಒಳಗೆ ಹೋಗುತ್ತಿದ್ದಳು. ಬೆರಳಿನ ಗೆಣ್ಣುಗಳು ಎರಡೂ ಕೈಯಲ್ಲಿ ಒಂದೇ ಥರ ಊದಿಕೊಂಡಿದ್ದವು. ಒದ್ದೆ ಬಟ್ಟೆ ಹಿಂಡಲು ಆಗುತ್ತಿರಲಿಲ್ಲ.

ಊರಲ್ಲಿ ಎಲ್ಲರೂ ಚಿಕುನ್‌ಗುನ್ಯಾ ಅಂದರು. ಅದಕ್ಕೂ ಕಾರಣ ಇದೆ. 2006ರಲ್ಲಿ ನಮ್ಮ ಕಡೆ ಚಿಕುನ್‌ಗುನ್ಯಾ ಮನೆಮನೆಗೂ ಬಂದಿತ್ತು. ಆಗ ಹಿಡಿದ ಕೀಲುನೋವು ಕೆಲವರಿಗೆ ವರ್ಷಗಟ್ಟಲೆ ಬಿಡಲಿಲ್ಲ. ಹಾಗಾಗಿ ಯಾವ ಕೀಲು ನೋವಾದರೂ ‘ಆ ಹಳೇ ಚಿಕುನ್‌ಗುನ್ಯಾದ್ದೇ’ ಅನ್ನುವುದು ರೂಢಿ. ಒಂದು ವರ್ಷ ಹಾಗೇ ಕಳೆಯಿತು. ಸೂಜಿ, ಮಾತ್ರೆ, ಸಂತೆಯಲ್ಲಿ ಮಾರುವ ಹೆಸರಿಲ್ಲದ ಪುಡಿ. ಆ ಪುಡಿ ತಗೊಂಡ ದಿನ ಮೈ ಹಗುರಾಗುತ್ತಿತ್ತಂತೆ. ಇಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಎಷ್ಟೋ ಸಲ ಸಿಕ್ಕಿಬಿದ್ದಿದೆ. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತೆ.

2017ರಲ್ಲಿ ಬೆಂಗಳೂರಿನ ಒಬ್ಬ ಕೀಲುವಾತದ ತಜ್ಞರ ಹತ್ತಿರ ಹೋದೆವು. ರಕ್ತ ಪರೀಕ್ಷೆ ಆಯಿತು. ರುಮಟಾಯ್ಡ್ ಆರ್ಥ್ರೈಟಿಸ್, ಅಂದರೆ ಸಂಧಿವಾತ ಅಂದರು. ಮೈಯನ್ನು ಕಾಯಬೇಕಾದ ಶಕ್ತಿಯೇ ತಿರುಗಿ ಕೀಲುಗಳ ಮೇಲೆ ಬೀಳುವ ಕಾಯಿಲೆ. ನಾಲ್ಕು ಮಾತ್ರೆ ಬರೆದರು. ವಾರಕ್ಕೊಮ್ಮೆ ಮೆಥೋಟ್ರೆಕ್ಸೇಟ್. ಅದರ ಜೊತೆಗೆ ಫೋಲಿಕ್ ಆಸಿಡ್. ಆರು ವಾರಕ್ಕೆ ಮಾತ್ರ ಅಸೆಕ್ಲೋಫೆನಾಕ್. ಅದು ಇರುವಷ್ಟು ದಿನ ಹೊಟ್ಟೆಗೆ ಪ್ಯಾಂಟೊಪ್ರಜೋಲ್. ಚೀಟಿ ಸರಿಯಾಗಿಯೇ ಇತ್ತು. ಮನೆಗೆ ಬರುವಷ್ಟರಲ್ಲಿ ನಾಲ್ಕಕ್ಕೂ ಬೇರೆ ಹೆಸರು ಬಿದ್ದಿತ್ತು. ನೋವಿನ ಮಾತ್ರೆ, ಗ್ಯಾಸಿನ ಮಾತ್ರೆ, ವಿಟಮಿನ್ ಮಾತ್ರೆ. ಇನ್ನೊಂದು, ಪಕ್ಕದ ಮನೆಯ ಹುಡುಗ ಮೊಬೈಲಲ್ಲಿ ನೋಡಿ ಹೇಳಿದ ಮೇಲೆ, ಕ್ಯಾನ್ಸರ್ ಮಾತ್ರೆ.

ಮುಂದೆ ಆಗಿದ್ದೆಲ್ಲ ಈ ಹೆಸರುಗಳಿಂದಲೇ ಆಯಿತು ಅಂತ ನನಗೆ ಅನಿಸುತ್ತೆ.

ಮೊದಲು ಬಿಟ್ಟಿದ್ದು ಗ್ಯಾಸಿನ ಮಾತ್ರೆ. “ನನಗೆ ಗ್ಯಾಸ್ ಇಲ್ವಲ್ಲ” ಅಂದಳು. ಆ ಹೆಸರು ಕೇಳಿದರೆ ಯಾರಾದರೂ ಹಾಗೇ ಅನ್ನುತ್ತಾರೆ. ಅದು ಗ್ಯಾಸಿಗೆ ಕೊಟ್ಟಿದ್ದೇ ಅಲ್ಲ. ನೋವಿನ ಮಾತ್ರೆಯಿಂದ ಹೊಟ್ಟೆಯ ಒಳಪದರ ಹುಣ್ಣಾಗದ ಹಾಗೆ ಕಾಯಲಿಕ್ಕೆ ಕೊಟ್ಟಿದ್ದು.

ಎರಡನೆಯದು ಮೆಥೋಟ್ರೆಕ್ಸೇಟ್. ಮೊದಲ ವಾರ ತಗೊಂಡ ಮಾರನೇ ದಿನ ವಾಂತಿ ಬಂದಂಗಾಯಿತು. ಅಷ್ಟರಲ್ಲಿ ಕ್ಯಾನ್ಸರ್ ಮಾತು ಕಿವಿಗೆ ಬಿತ್ತು. “ನನಗೆ ಇಲ್ಲದಿರೋ ರೋಗಕ್ಕೆ ಯಾಕೆ ಮಾತ್ರೆ?” ಅಂತ ಡಬ್ಬಿಯ ಮೂಲೆಗೆ ತಳ್ಳಿದಳು. ಹೌದು, ಆ ಔಷಧ ಹುಟ್ಟಿದ್ದು ರಕ್ತದ ಕ್ಯಾನ್ಸರ್ ಮಕ್ಕಳ ಚಿಕಿತ್ಸೆಯ ಹುಡುಕಾಟದಲ್ಲೇ. ಅದರ ಹಿಂದೆ ನಮ್ಮ ಪಕ್ಕದ ನಾಡಿನವರೇ ಇದ್ದರು, ಆಂಧ್ರದ ಭೀಮವರದಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಅವರ ತಂಡ ಈ ಜಾತಿಯ ಔಷಧಗಳನ್ನು ತಯಾರಿಸಿತು. 1948ರಲ್ಲಿ ಅವರು ತೀರಿಕೊಂಡರು. ಸಂಧಿವಾತಕ್ಕೆ ಮೆಥೋಟ್ರೆಕ್ಸೇಟ್ ಕೊಡಲು ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1988ರಲ್ಲಿ. ಸಂಧಿವಾತಕ್ಕೆ ಕೊಡುವುದು ವಾರಕ್ಕೆ 7.5ರಿಂದ 25 ಮಿಲಿಗ್ರಾಂ ಮಾತ್ರ. ಕೆಲವು ಕ್ಯಾನ್ಸರ್‌ಗಳಿಗೆ ಗ್ರಾಂ ಲೆಕ್ಕದಲ್ಲಿ ಕೊಡುತ್ತಾರೆ. ಉಪ್ಪನ್ನು ಚಿಟಿಕೆ ಹಾಕುವುದಕ್ಕೂ ಸೇರುಗಟ್ಟಲೆ ಸುರಿಯುವುದಕ್ಕೂ ಇರುವ ವ್ಯತ್ಯಾಸ ಅದು. ಇಷ್ಟನ್ನು ಅವತ್ತು ಯಾರಾದರೂ ಅಮ್ಮನಿಗೆ ಹೇಳಿದ್ದರೆ!

ಉಳಿದಿದ್ದು ನೋವಿನ ಮಾತ್ರೆ. ಅದನ್ನು ಮಾತ್ರ ಅವಳು ಬಿಡಲಿಲ್ಲ. ಆರು ವಾರ ಎರಡು ವರ್ಷ ಆಯಿತು. ಇಲ್ಲಿ ಅಮ್ಮನ ಪರವಾಗಿ ಒಂದು ಮಾತು ಹೇಳಬೇಕು. ಆ ಮಾತ್ರೆ ತಗೊಂಡ ಎರಡನೇ ದಿನಕ್ಕೇ ಅವಳು ಏಳು ಗಂಟೆಗೆ ಎದ್ದು ಚುಕ್ಕಿ ಇಟ್ಟಳು. ಊತ ಇಳಿದಿತ್ತು. ಬಟ್ಟೆ ಹಿಂಡಿದಳು. ಮೆಥೋಟ್ರೆಕ್ಸೇಟ್ ಕೆಲಸ ಶುರು ಮಾಡಲಿಕ್ಕೆ ಆರರಿಂದ ಹನ್ನೆರಡು ವಾರ ಬೇಕು. ಅದು ಕೊಟ್ಟಿದ್ದು ಬರೀ ವಾಕರಿಕೆ. ಯಾವ ಮಾತ್ರೆ ಒಳ್ಳೆಯದು ಅಂತ ಅವಳ ಕೈಯೇ ಅವಳಿಗೆ ಹೇಳಿತ್ತು. ಓದಿದವರು, ಓದದವರು ಯಾರಾದರೂ ಅವಳ ಜಾಗದಲ್ಲಿ ಅದನ್ನೇ ನಂಬುತ್ತಿದ್ದರು, ಅಲ್ವಾ? ರೋಗಿಗಳು ಮಾತು ಕೇಳಲ್ಲ ಅಂತ ಆಸ್ಪತ್ರೆಗಳಲ್ಲಿ ಬೈಯುವುದನ್ನು ಕೇಳಿದಾಗಲೆಲ್ಲ ನನಗೆ ಬೇಜಾರಾಗುತ್ತೆ. ಅಮ್ಮ ಕೇಳಿದ್ದಳು. ತನ್ನ ಮೈ ಹೇಳಿದ್ದನ್ನು ಕೇಳಿದ್ದಳು.

ಮೈ ಹೇಳದೇ ಇದ್ದ ಸಂಗತಿ ಬೇರೆ ಇತ್ತು. ಈ ಮಾತ್ರೆ ಊತ ಇಳಿಸುತ್ತೆ, ನೋವು ಇಳಿಸುತ್ತೆ. ಸಂಧಿವಾತದಲ್ಲಿ ಒಳಗೊಳಗೇ ಮೂಳೆ ಸವೆಯುವುದನ್ನು ಮಾತ್ರ ತಡೆಯುವುದಿಲ್ಲ. ಮನೆ ಸೋರುವಾಗ ಕೆಳಗೆ ಪಾತ್ರೆ ಇಟ್ಟ ಹಾಗೆ. ನೆಲ ಒಣಗಿರುತ್ತೆ, ಹಂಚು ಒಡೆದೇ ಇರುತ್ತೆ. ಎರಡು ವರ್ಷದಲ್ಲಿ ಅಮ್ಮನ ಬಲಗೈಯ ಎರಡು ಬೆರಳು ಕಿರುಬೆರಳಿನ ಕಡೆ ವಾಲಿದವು. ನೋವು ಜಾಸ್ತಿ ಇರಲಿಲ್ಲ. ಹಾಗಾಗಿ ಯಾರೂ ಗಮನ ಕೊಡಲಿಲ್ಲ.

ಹೊಟ್ಟೆಯ ಕಥೆಯೂ ಹಾಗೇ ಆಯಿತು. ಈ ಮಾತ್ರೆಗಳು ಮೈಯಲ್ಲಿ ಏನು ಮಾಡುತ್ತವೆ ಅಂತ 1971ರಲ್ಲಿ ಲಂಡನ್ನಿನಲ್ಲಿ ಜಾನ್ ವೇನ್ ಅನ್ನುವವರು ತೋರಿಸಿಕೊಟ್ಟರು. 1982ರಲ್ಲಿ ಅವರಿಗೆ ನೊಬೆಲ್ ಬಂತು. ಪ್ರೋಸ್ಟಾಗ್ಲಾಂಡಿನ್ ಅಂತ ಒಂದು ವಸ್ತು ಇದೆ. ಕೀಲಿನಲ್ಲಿ ಊತ, ಬಿಸಿ, ನೋವು ತರುವುದರಲ್ಲಿ ಅದರ ಕೈ ಇದೆ. ಈ ಮಾತ್ರೆಗಳು ಅದು ತಯಾರಾಗುವುದನ್ನೇ ತಡೆಯುತ್ತವೆ. ಆದರೆ ಅದೇ ವಸ್ತು ಹೊಟ್ಟೆಯ ಒಳಪದರವನ್ನು ಆಸಿಡ್ಡಿನಿಂದ ಕಾಯುತ್ತೆ, ಕಿಡ್ನಿಗೆ ರಕ್ತ ಸರಿಯಾಗಿ ಹರಿಯುವ ಹಾಗೆ ನೋಡಿಕೊಳ್ಳುತ್ತೆ. ಕೀಲಿನಲ್ಲಿ ಬೇಡವಾದದ್ದು ಹೊಟ್ಟೆಯಲ್ಲಿ ಬೇಕು. ಮಾತ್ರೆ ಎರಡೂ ಕಡೆ ಬಾಗಿಲು ಹಾಕುತ್ತೆ.

ಇದನ್ನು ಓದಿದ ಮೇಲೇ ನಮ್ಮ ಮನೆಯ ಎಷ್ಟೋ ನಂಬಿಕೆ ಯಾಕೆ ತಪ್ಪು ಅಂತ ನನಗೆ ಅರ್ಥ ಆಗಿದ್ದು. ‘ಮಾತ್ರೆ ಹೀಟು, ಮಜ್ಜಿಗೆ ಕುಡಿದ್ರೆ ಸರಿಹೋಗುತ್ತೆ’ ಅಂತಿದ್ದಳು ಅಮ್ಮ. ಊಟ ಆದ ಮೇಲೆ ತಗೊಂಡರೆ ಹೊಟ್ಟೆ ತೊಳಸುವುದು ಸ್ವಲ್ಪ ಕಡಿಮೆ ಆಗಬಹುದು. ಹುಣ್ಣು ತಪ್ಪುತ್ತೆ ಅಂತ ಗ್ಯಾರಂಟಿ ಇಲ್ಲ. ಯಾಕೆಂದರೆ ಕೆಟ್ಟದ್ದು ಆಗುವುದು ರಕ್ತದ ಮೂಲಕವೂ. ‘ಇಂಜೆಕ್ಷನ್ ಹಾಕಿಸಿಕೊಂಡ್ರೆ ಹೊಟ್ಟೆಗೆ ಏನೂ ಆಗಲ್ಲ’ ಅನ್ನುವುದೂ ಅದೇ ಕಾರಣಕ್ಕೆ ಸುಳ್ಳು. ಸೂಜಿಯಿಂದ ಹೋದರೂ ಹೊಟ್ಟೆಗೆ ತಲುಪುತ್ತೆ.

ಅಮ್ಮನಿಗೆ ಹೊಟ್ಟೆನೋವೇ ಬರಲಿಲ್ಲ. ಈ ಹುಣ್ಣುಗಳು ಎಷ್ಟೋ ಸಲ ನೋವಿಲ್ಲದೆ ರಕ್ತ ಸುರಿಸುತ್ತವೆ. ಅವಳಿಗೆ ಬಂದಿದ್ದು ಸುಸ್ತು. ಮೆಟ್ಟಿಲು ಹತ್ತಿದರೆ ಏದುಸಿರು. ಕ್ಲಿನಿಕ್ಕಿನಲ್ಲಿ ರಕ್ತ ಕಡಿಮೆ ಅಂತ ಕಬ್ಬಿಣದ ಮಾತ್ರೆ ಕೊಟ್ಟರು. ಆಮೇಲೆ ಮಲ ಕಪ್ಪಗೆ ಹೋಗತೊಡಗಿತು. “ಕಬ್ಬಿಣದ ಮಾತ್ರೆ ತಗೊಂಡ್ರೆ ಹಾಗೇ” ಅಂತ ಹೇಳಿದ್ದರಂತೆ. ಅದು ನಿಜ, ಕಬ್ಬಿಣದ ಮಾತ್ರೆಯಿಂದಲೂ ಕಪ್ಪಾಗುತ್ತೆ. ಆದರೆ ಡಾಂಬರಿನ ಹಾಗೆ ಅಂಟಂಟಾಗಿ, ಕೆಟ್ಟ ವಾಸನೆ ಬಂದರೆ ಅದು ಹೊಟ್ಟೆಯೊಳಗೆ ಸೋರಿದ ರಕ್ತ. ಅಮ್ಮ ಅದನ್ನು ಮೂರು ವಾರ ಯಾರಿಗೂ ಹೇಳಲಿಲ್ಲ. ಮಗಳ ಹತ್ತಿರ ಹೇಳಲಿಕ್ಕೂ ಸಂಕೋಚ. ಒಂದು ಬೆಳಗ್ಗೆ ಬಚ್ಚಲಲ್ಲಿ ಕುಸಿದಳು. ಎಂಡೋಸ್ಕೋಪಿಯಲ್ಲಿ ರೂಪಾಯಿ ನಾಣ್ಯದಷ್ಟು ಹುಣ್ಣು ಕಂಡಿತು.

ಅಲ್ಲಿಂದ ಆಚೆಗೆ ಆ ಜಾತಿಯ ಮಾತ್ರೆ ಪೂರ್ತಿ ಬಂದ್. ಮೆಥೋಟ್ರೆಕ್ಸೇಟ್ ಮತ್ತೆ ಶುರು. ಅದು ಹತ್ತುವ ತನಕ ಕೆಲವು ತಿಂಗಳು ಸಣ್ಣ ಪ್ರಮಾಣದ ಸ್ಟೀರಾಯ್ಡ್, ಲೆಕ್ಕ ಹಾಕಿ, ಆಮೇಲೆ ಇಳಿಸುತ್ತಾ. ಈ ಸಲ ಒಬ್ಬ ನರ್ಸು ಅಮ್ಮನ ಪಕ್ಕ ಕೂತು ಒಂದು ಪ್ರಶ್ನೆ ಕೇಳಿದರು. “ವಾರದಲ್ಲಿ ನೀವು ಯಾವ ದಿನ ಮರೆಯೋದೇ ಇಲ್ಲ?” ಅಮ್ಮ ತಕ್ಷಣ “ಗುರುವಾರ. ರಾಯರ ಮಠಕ್ಕೆ ಹೋಗ್ತೀನಿ” ಅಂದಳು. “ಹಾಗಾದ್ರೆ ಇದು ಗುರುವಾರದ ಮಾತ್ರೆ. ಬೇರೆ ದಿನ ಮುಟ್ಟಬಾರದು.” ಮೆಥೋಟ್ರೆಕ್ಸೇಟನ್ನು ತಪ್ಪಿ ದಿನಾ ನುಂಗಿ ಪ್ರಾಣಕ್ಕೆ ಕುತ್ತು ತಂದುಕೊಂಡವರು ಇದ್ದಾರೆ. ಆ ತಪ್ಪಿಗೆ ನಮ್ಮ ಮನೆಯಲ್ಲಿ ಜಾಗವೇ ಇಲ್ಲದ ಹಾಗೆ ಮಾಡಿದ್ದು ಆ ಒಂದು ಹೆಸರು. ಅಮ್ಮ ಈಗ ಅದನ್ನು ‘ರಾಯರ ದಿನದ ಮಾತ್ರೆ’ ಅಂತಾಳೆ. ಒಂದು ವಾರವೂ ತಪ್ಪಿಲ್ಲ.

ಇಷ್ಟೆಲ್ಲ ಆದ ಮೇಲೆ ನಮ್ಮ ನೆಂಟರಿಷ್ಟರಲ್ಲಿ ನೋವಿನ ಮಾತ್ರೆ ಅಂದರೆ ವಿಷ ಅನ್ನುವ ಹಾಗಾಯಿತು. ಅದರ ಪೆಟ್ಟು ಬಿದ್ದಿದ್ದು ನನ್ನ ಚಿಕ್ಕಪ್ಪನ ಮಗನಿಗೆ.

ಅವನು ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ಕಡೆ ಕೆಲಸ ಮಾಡುತ್ತಾನೆ. ಇಪ್ಪತ್ನಾಲ್ಕನೇ ವಯಸ್ಸಿಗೆ ಸೊಂಟನೋವು. ಮಲಗಿದರೆ ಜಾಸ್ತಿ, ಎದ್ದು ಓಡಾಡಿದರೆ ಕಡಿಮೆ. ರಾತ್ರಿ ಮೂರು ಗಂಟೆಗೆ ಎಚ್ಚರವಾಗಿ ಹೊರಗೆ ನಡೆಯುತ್ತಿದ್ದ. ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಅಂತ ಗೊತ್ತಾಯಿತು. ಸುಮ್ನೆ ಬಿಟ್ಟರೆ ಬೆನ್ನುಮೂಳೆಗಳು ಒಂದಕ್ಕೊಂದು ಬೆಸೆದುಕೊಂಡು ಬಿಗಿಯಾಗುವ ಕಾಯಿಲೆ. ಇದರಲ್ಲಿ ಮೆಥೋಟ್ರೆಕ್ಸೇಟ್ ಬೆನ್ನಿಗೆ ಕೆಲಸ ಮಾಡುವುದಿಲ್ಲ. ಮೊದಲ ಚಿಕಿತ್ಸೆಯೇ ಈ ಊತ ಇಳಿಸುವ ಮಾತ್ರೆ. ಅದೂ ಪೂರ್ತಿ ಡೋಸಿನಲ್ಲಿ, ಎರಡು ಮೂರು ವಾರ ದಿನಾ ತಗೊಂಡು ನೋಡಬೇಕು. ಜೊತೆಗೆ ವ್ಯಾಯಾಮ.

ಮೂರು ತಿಂಗಳ ಆಮೇಲೆ ಡಾಕ್ಟರ ಹತ್ತಿರ ಹೋಗಿ “ಮಾತ್ರೆ ಹಿಡೀಲಿಲ್ಲ” ಅಂದ. ಹಾಗಾದರೆ ದುಬಾರಿ ಇಂಜೆಕ್ಷನ್ ಯೋಚನೆ ಮಾಡಬೇಕು ಅನ್ನುವ ಮಾತು ಬಂತು. ಜೊತೆಗೆ ನಾನೂ ಹೋಗಿದ್ದೆ. ಡಾಕ್ಟರು ‘ಸರಿಯಾಗಿ ತಗೊಂಡ್ಯಾ’ ಅಂತ ಕೇಳಲಿಲ್ಲ. ಕೇಳಿದ್ದರೆ ಹೂಂ ಅನ್ನುತ್ತಿದ್ದ. “ಎಷ್ಟು ಮಾತ್ರೆ ಉಳಿದಿದೆ?” ಅಂತ ಕೇಳಿದರು. ಜೇಬಿನಿಂದ ಸ್ಟ್ರಿಪ್ ತೆಗೆದ. ಮೊದಲನೇ ಸ್ಟ್ರಿಪ್ಪಿನಲ್ಲೇ ನಾಲ್ಕು ಉಳಿದಿದ್ದವು. ತಡೆಯಲಾಗದ ರಾತ್ರಿ ಮಾತ್ರ ಒಂದೊಂದು ನುಂಗಿದ್ದ. “ನೋವಿನ ಮಾತ್ರೆ ಅಲ್ವಾ ಸಾರ್, ನೋವಿದ್ದಾಗ ತಾನೇ?” ಅಂದ. ಆಮೇಲೆ ನನ್ನ ಕಡೆ ನೋಡಿದ. “ದೊಡ್ಡಮ್ಮನಿಗೆ ಹಂಗಾಯ್ತಲ್ಲ, ಅದಕ್ಕೇ.”

ಅವನ ಭಯಕ್ಕೆ ಇನ್ನೊಂದು ಕಾರಣವೂ ಇತ್ತು. ರಾಮನಗರದ ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ಧಾಮ. ಅಲ್ಲಿ ಹದ್ದುಗಳು ಯಾಕೆ ಕಡಿಮೆಯಾದವು ಅಂತ ಅವನಿಗೆ ಚೆನ್ನಾಗಿ ಗೊತ್ತು. ದೇಶದ ತುಂಬ ಲಕ್ಷಗಟ್ಟಲೆ ಇದ್ದ ರಣಹದ್ದುಗಳು 1990ರ ದಶಕದಿಂದ ಸಾಯುತ್ತಾ ಬಂದವು. ದನಗಳಿಗೆ ಕೊಟ್ಟ ಡೈಕ್ಲೋಫೆನಾಕ್ ಅವುಗಳ ಹೆಣದಲ್ಲಿ ಉಳಿದು, ಅದನ್ನು ತಿಂದ ಹದ್ದುಗಳ ಕಿಡ್ನಿ ಕೆಟ್ಟು ಸತ್ತವು ಅಂತ 2004ರಲ್ಲಿ ಬಯಲಾಯಿತು. 2006ರಲ್ಲಿ ದನಗಳಿಗೆ ಅದನ್ನು ಕೊಡುವುದು ನಿಷೇಧ ಆಯಿತು. ಆದರೂ ಮನುಷ್ಯರಿಗೆ ಅಂತ ಬರುತ್ತಿದ್ದ ದೊಡ್ಡ ಇಂಜೆಕ್ಷನ್ ಬಾಟಲಿಗಳನ್ನು ದನಗಳಿಗೆ ಬಳಸುತ್ತಿದ್ದರು. ಹಾಗಾಗಿ 2015ರಲ್ಲಿ 3 ಎಂ.ಎಲ್. ಬಾಟಲಿ ಮಾತ್ರ ಇರಬೇಕು ಅಂತ ಮಾಡಿದರು. “ಹದ್ದಿನ ಕಿಡ್ನಿ ತೆಗೆದ ಮಾತ್ರೆ ನನ್ನ ಕಿಡ್ನಿ ಬಿಡುತ್ತಾ?” ಅಂತ ಕೇಳಿದ.

ಡಾಕ್ಟರು ನಗಲಿಲ್ಲ. ಅದು ನನಗೆ ತುಂಬಾ ಇಷ್ಟ ಆಯಿತು. ಒಳ್ಳೆಯ ಪ್ರಶ್ನೆ ಅಂದರು. ಆ ಹದ್ದುಗಳ ಮೈಗೆ ಈ ಔಷಧವನ್ನು ಕರಗಿಸಿ ಹೊರಹಾಕಲು ಆಗುವುದಿಲ್ಲ, ನಮ್ಮ ಮೈ ಕೆಲವು ಗಂಟೆಗಳಲ್ಲಿ ಆ ಕೆಲಸ ಮಾಡುತ್ತೆ ಅಂತ ವಿವರಿಸಿದರು. ಹಾಗಂತ ಭಯ ಪೂರ್ತಿ ಸುಳ್ಳಲ್ಲ ಅಂತಲೂ ಹೇಳಿದರು. ವಯಸ್ಸಾದವರು, ಕಿಡ್ನಿ ತೊಂದರೆ, ಹಾರ್ಟಿನ ತೊಂದರೆ ಇರುವವರು, ಬಿಪಿಗೆ ಮಾತ್ರೆ ಮತ್ತು ನೀರು ಇಳಿಸುವ ಮಾತ್ರೆ ಎರಡನ್ನೂ ತಗೊಳ್ಳುವವರು ಹುಷಾರಾಗಿರಬೇಕು. ವಾಂತಿ ಭೇದಿ ಆಗಿ ಮೈ ಒಣಗಿದ ದಿನ ನಿಲ್ಲಿಸಬೇಕು. ಅವನಿಗೆ ಕೆಲವು ತಿಂಗಳಿಗೊಮ್ಮೆ ಕಿಡ್ನಿ ಹೇಗಿದೆ ಅಂತ ತಿಳಿಯಲು ರಕ್ತದಲ್ಲಿ ಕ್ರಿಯಾಟಿನಿನ್ ನೋಡೋಣ, ಬಿಪಿ ನೋಡೋಣ, ಜೊತೆಗೆ ಹೊಟ್ಟೆ ಕಾಯುವ ಮಾತ್ರೆ ಕೊಡೋಣ ಅಂದರು. ಗ್ಯಾಸಿನ ಮಾತ್ರೆ ಅನ್ನಲಿಲ್ಲ. ಹೊಟ್ಟೆ ಕಾಯುವ ಮಾತ್ರೆ ಅಂದರು.

ಆಮೇಲೆ ಒಂದು ಚೀಟಿ ತೆಗೆದು ದೊಡ್ಡದಾಗಿ ಕನ್ನಡದಲ್ಲಿ ಬರೆದರು. ‘ಬಾವು ಇಳಿಸುವ ಮಾತ್ರೆ. ನೋವು ಇರಲಿ, ಇಲ್ಲದಿರಲಿ, ದಿನಾ. ಮೂರು ವಾರ.’

ಆ ಚೀಟಿ ನೋಡಿ ನನಗೆ ಗಂಟಲು ಕಟ್ಟಿತು. ಪುಸ್ತಕದಲ್ಲಿ ಇದಕ್ಕೆ ಉರಿಯೂತ ಅನ್ನುತ್ತಾರೆ. ಉರಿ, ಊತ ಎರಡೂ ಸೇರಿದ ಚೆಂದದ ಮಾತು. ಆದರೆ ನಮ್ಮ ಮನೆಗಳಲ್ಲಿ ಯಾರೂ ಆಡುವುದಿಲ್ಲ. ಬಾವು ಅಂದರೆ ಅಮ್ಮನಿಗೂ ಗೊತ್ತು, ಅಜ್ಜಿಗೂ ಗೊತ್ತಿತ್ತು. ಬಾವು ಇದೆಯೋ ಇಲ್ಲವೋ ಅಂತ ಕಣ್ಣಲ್ಲಿ ನೋಡಬಹುದು, ಬೆರಳಲ್ಲಿ ಒತ್ತಿ ನೋಡಬಹುದು. ಬೆನ್ನಿನ ಒಳಗಿದ್ದರೆ ಬೆಳಗ್ಗೆ ಎಷ್ಟು ಹೊತ್ತು ಬಿಗಿಯಾಗಿರುತ್ತೆ ಅಂತ ಲೆಕ್ಕ ಹಾಕಬಹುದು. ನೋವು ಅನ್ನುವ ಮಾತಿನಲ್ಲಿ ಇದ್ಯಾವುದೂ ಸಿಗಲ್ಲ. ಆ ಮಾತು ಹೇಳಿಕೊಟ್ಟಿದ್ದರಿಂದ ಅಮ್ಮ ನೋವಾದಾಗೆಲ್ಲ ತಗೊಂಡಳು, ಇವನು ನೋವಿಲ್ಲದಾಗ ಬಿಟ್ಟ. ಅವಳಿಗೆ ಜಾಸ್ತಿ ಆಯಿತು, ಇವನಿಗೆ ಸಾಲಲಿಲ್ಲ. ಚೀಟಿಯಲ್ಲಿದ್ದ ಹಾಗೆ ದಿನಾ ತಗೊಂಡ ಮೇಲೆ ಅವನು ಎರಡು ವಾರಕ್ಕೆ ರಾತ್ರಿ ಪೂರ್ತಿ ನಿದ್ದೆ ಮಾಡಿದ. ಇಂಜೆಕ್ಷನ್ ಸದ್ಯಕ್ಕೆ ಬೇಕಾಗಿಲ್ಲ.

ಹೋದ ತಿಂಗಳು ಊರಿಗೆ ಹೋಗಿದ್ದೆ. ಅಡಿಕೆ ಡಬ್ಬಿ ಅದೇ ಜಾಗದಲ್ಲಿತ್ತು. ಈಗ ಒಳಗೆ ಇಡೀ ಸ್ಟ್ರಿಪ್ ಇರುತ್ತೆ, ನಾಲ್ಕು ಮನೆಗೂ ಅಮ್ಮನ ಅಕ್ಷರದ ಚೀಟಿ ಅಂಟಿದೆ. ಮಧ್ಯಾಹ್ನ ಪಕ್ಕದ ಮನೆಯವರು ಬಂದರು. ಹಿಂದೆ ಮಾತ್ರೆ ಕೊಟ್ಟವರೇ. “ಕೈಯೆಲ್ಲಾ ಹಿಡ್ಕೊಂಡಿದೆ ಕಣ್ರೀ, ಒಂದು ನೋವಿನ ಮಾತ್ರೆ ಇದ್ರೆ ಕೊಡಿ” ಅಂದರು.

ಅಮ್ಮ ಡಬ್ಬಿ ಕಡೆ ಹೋಗಲಿಲ್ಲ. ಅವರ ಕೈ ಹಿಡಿದು ಬೆಳಕಿಗೆ ತಿರುಗಿಸಿದಳು. ತನ್ನ ವಾಲಿದ ಬೆರಳುಗಳಿಂದಲೇ ಅವರ ಗೆಣ್ಣುಗಳನ್ನು ಒಂದೊಂದಾಗಿ ಒತ್ತಿ ನೋಡಿದಳು. ಮೆತ್ತಗಿದೆಯಾ, ಗಟ್ಟಿ ಇದೆಯಾ, ಬಿಸಿ ಇದೆಯಾ ಅಂತ. ಆಮೇಲೆ ಅಂದಳು. “ನಾಳೆ ಬೆಳಗ್ಗೆ ಎದ್ದ ತಕ್ಷಣ ನಿಮ್ಮ ಬಾಗಿಲಿಗೆ ರಂಗೋಲಿ ಹಾಕಿ ನೋಡಿ. ಎಷ್ಟು ಹೊತ್ತಿಗೆ ಕೈ ಬಿಡುತ್ತೆ ಅಂತ ಗಡಿಯಾರ ನೋಡ್ಕೊಳ್ಳಿ. ಒಂದು ಗಂಟೆ ಮೇಲಾದ್ರೆ ನಾನೇ ನಿಮ್ಮ ಜೊತೆ ಬೆಂಗಳೂರಿಗೆ ಬರ್ತೀನಿ.”